ಪವರ್ ಸ್ಟಿಯರಿಂಗಿನ ಎಣ್ಣೆ ಸೋರಿಕೆ: ಬಾಟಲಿಯ ಔಷಧ ಎಷ್ಟರ ಮಟ್ಟಿಗೆ ಉಪಯುಕ್ತ?

ಕಳೆದ ಮುಂಗಾರಿನಲ್ಲಿ ಗೋವಿನಜೋಳದ ಕ್ಷೇತ್ರೋತ್ಸವಕ್ಕೆಂದು ಮಾಸೂರಿಗೆ ಹೋಗಿದ್ದೆ. ಸೈನಿಕ ಹುಳುವಿನ ಹತೋಟಿಯ ಬಗ್ಗೆ ಮಾತು ಮುಗಿಸಿ ಊಟಕ್ಕೆ ಏಳುವ ಹೊತ್ತಿಗೆ ಹಿರಿಯ ರೈತರೊಬ್ಬರು ಹತ್ತಿರ ಬಂದು, ಜೇಬಿನಿಂದ ಒಂದು ಸಣ್ಣ ಬಾಟಲಿಯನ್ನು ತೆಗೆದು ತೋರಿಸಿದರು. ಅದು ಕೀಟನಾಶಕದ ಬಾಟಲಿ ಇರಬೇಕೆಂದು ನಾನು ಕನ್ನಡಕ ಹಾಕಿಕೊಂಡೆ. ಅಲ್ಲ. "ಸಾಹೇಬ್ರ, ನಮ್ಮ ಗಾಡಿ ಸ್ಟಿಯರಿಂಗ್ ಎಣ್ಣಿ ಸೋರತೈತ್ರಿ. ಇದನ್ನ ಹಾಕಿದ್ರ ನಿಲ್ಲತೈತಿ ಅಂತ ಅಂಗಡ್ಯಾಗ ಕೊಟ್ಟಾರ. ಹಾಕ್ಲ್ಯೋ ಬ್ಯಾಡೋ?" ಎಂದು ಕೇಳಿದರು. ಮನೆಯಲ್ಲಿ ಹದಿನೈದು ವರ್ಷದ ಹಳೆಯ ಜೀಪು, ಅಷ್ಟೇ ಹಳೆಯ ಒಂದು ಟ್ರ್ಯಾಕ್ಟರು. ಎರಡರ ಕೆಳಗೂ ಎಣ್ಣೆ ಬೀಳುತ್ತಿದೆ. ಬಾಟಲಿ ಮಾತ್ರ ಒಂದೇ. ಎರಡಕ್ಕೂ ಅರ್ಧರ್ಧ ಹಾಕುವ ಯೋಚನೆ ಅವರದು.

ನಾನು ಬೆಳೆವಿಜ್ಞಾನದವನು, ಯಂತ್ರದವನಲ್ಲ. ಆದರೂ ಈ ಪ್ರಶ್ನೆ ನನಗೆ ಹೊಸದಲ್ಲ. ನನ್ನ ಹಳೆಯ ಕಾರಿಗೆ ಇಂಥದೇ ಬಾಟಲಿಯನ್ನು ಹಾಕಿ ಪಾಠ ಕಲಿತವನು ನಾನು. ಆ ಮೇಲೆ ಕೃಷಿ ಇಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳನ್ನೂ ಗ್ಯಾರೇಜಿನ ಮಿಸ್ತ್ರಿಗಳನ್ನೂ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಸೂರು ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿದೆ. ಹಿಂದೆ ಹಿರೇಕೆರೂರು ತಾಲೂಕಿನಲ್ಲಿತ್ತು. ಈ ಭಾಗದ ಯಾವ ಊರಿಗೆ ಹೋದರೂ ಸೆಕೆಂಡ್ ಹ್ಯಾಂಡ್ ಗಾಡಿಗಳು, ಕೈ ಬದಲಾದ ಟ್ರ್ಯಾಕ್ಟರುಗಳು ಕಾಣುತ್ತವೆ. ಆದುದರಿಂದ ಈ ವಿಷಯ ಒಬ್ಬರದಲ್ಲ.

ಪವರ್ ಸ್ಟಿಯರಿಂಗ್ ಎಂದರೇನು?

ಮೊದಲಿನ ಗಾಡಿಗಳಲ್ಲಿ ಚಾಲಕನ ತೋಳಿನ ಬಲದಿಂದಲೇ ಮುಂದಿನ ಗಾಲಿಗಳು ಹೊರಳಬೇಕಾಗಿತ್ತು. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ಸ್ಟಿಯರಿಂಗಿಗೆ ನೆರವಾಗುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಇದು ಸಾಮಾನ್ಯ ಜನರ ಗಾಡಿಗಳಿಗೆ ಬಂದದ್ದು ಬಹಳ ತಡವಾಗಿ, 1990ರ ದಶಕದಿಂದ ಈಚೆಗೆ.

ಇದರ ಕೆಲಸ ಸರಳವಾದದ್ದು. ಇಂಜಿನ್ನು ತಿರುಗಿಸುವ ಒಂದು ಪಂಪು ಇರುತ್ತದೆ. ಅದು ಸಣ್ಣ ಡಬ್ಬಿಯಿಂದ ಎಣ್ಣೆಯನ್ನು ಎಳೆದು, ದಪ್ಪ ಹೋಸ್ ಪೈಪಿನ ಮೂಲಕ ಸ್ಟಿಯರಿಂಗ್ ಪೆಟ್ಟಿಗೆಗೆ ತಳ್ಳುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದ ಕಡೆಗೆ ಆ ಎಣ್ಣೆ ಒತ್ತಡ ಕೊಟ್ಟು, ಕೆಲಸ ಮುಗಿಸಿ ಇನ್ನೊಂದು ಪೈಪಿನಿಂದ ಡಬ್ಬಿಗೆ ಮರಳುತ್ತದೆ. ಕಾರಿನಲ್ಲಿ ಇಡೀ ವ್ಯವಸ್ಥೆಗೆ ಹಿಡಿಯುವ ಎಣ್ಣೆ ಸುಮಾರು ಒಂದು ಲೀಟರು ಮಾತ್ರ. ಆದರೆ ಒತ್ತಡ ಸಣ್ಣದಲ್ಲ. ಕಾರಿನ ಟೈರಿಗೆ ನೀವು 30 ಪೌಂಡು ಗಾಳಿ ಹಾಕಿಸುತ್ತೀರಿ. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ಎಳೆದು ಹಿಡಿದಾಗ ಈ ಪೈಪಿನೊಳಗಿನ ಒತ್ತಡ 1000ದಿಂದ 1500 ಪೌಂಡಿನವರೆಗೆ ಏರಬಲ್ಲದು. ಎಣ್ಣೆಯೂ 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದು.

ಇಷ್ಟು ಒತ್ತಡದ ಬಿಸಿ ಎಣ್ಣೆಯನ್ನು ಹೊರಗೆ ಬಾರದಂತೆ ತಡೆಯುವುದು ಬೆರಳಿನ ಉಂಗುರದಷ್ಟು ಸಣ್ಣ ರಬ್ಬರಿನ ಸೀಲುಗಳು ಎಂಬುದನ್ನು ನೆನಪಿಡಬೇಕು.

ಹೊಸ ಕಾರುಗಳಲ್ಲಿ ಹೆಚ್ಚಿನವಕ್ಕೆ ಈಗ ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಬರುತ್ತದೆ. ಅವುಗಳಲ್ಲಿ ಎಣ್ಣೆಯೇ ಇರುವುದಿಲ್ಲ. ಬಾನೆಟ್ ತೆರೆದು ಸ್ಟಿಯರಿಂಗ್ ಎಣ್ಣೆಯ ಡಬ್ಬಿ ಇದೆಯೇ ಎಂದು ಮೊದಲು ನೋಡಿರಿ. ಇಲ್ಲದಿದ್ದರೆ ಕೆಳಗೆ ಬೀಳುತ್ತಿರುವ ಎಣ್ಣೆ ಬೇರೆ ಯಾವುದೋ.

ಸೀಲು ಏಕೆ ಸೋರುತ್ತದೆ?

ಈ ಸೀಲುಗಳನ್ನು ಸಾಮಾನ್ಯವಾಗಿ ನೈಟ್ರೈಲ್ ಎಂಬ ಕೃತಕ ರಬ್ಬರಿನಿಂದ ಮಾಡುತ್ತಾರೆ. ಮರದಿಂದ ಬರುವ ರಬ್ಬರು ಖನಿಜ ತೈಲದಲ್ಲಿ ಉಬ್ಬಿ ಮೆತ್ತಗಾಗಿ ಕೆಡುತ್ತದೆ, ನೈಟ್ರೈಲ್ ತಾಳುತ್ತದೆ. ಆದರೆ ಅದಕ್ಕೂ ವಯಸ್ಸಾಗುತ್ತದೆ. ರಬ್ಬರನ್ನು ಮೃದುವಾಗಿಡಲು ಕಾರ್ಖಾನೆಯಲ್ಲಿ ಸೇರಿಸಿದ ದ್ರವ್ಯಗಳು ಬಿಸಿಗೆ ಹಾಗೂ ಎಣ್ಣೆಗೆ ವರ್ಷಗಟ್ಟಲೆ ಸಿಕ್ಕು ನಿಧಾನವಾಗಿ ಹೊರಗೆ ಹೋಗುತ್ತವೆ. ಸೀಲು ತುಸು ಕುಗ್ಗುತ್ತದೆ, ಗಟ್ಟಿಯಾಗುತ್ತದೆ, ಅದರ ತುಟಿ ರಾಡಿಗೆ ಮೊದಲಿನಂತೆ ಒತ್ತಿ ನಿಲ್ಲುವುದಿಲ್ಲ. ಚಕ್ಕಡಿ ಕಟ್ಟುತ್ತಿದ್ದ ಕಾಲದ ಚರ್ಮದ ಮಿಣಿಯನ್ನು ನೆನೆಸಿಕೊಳ್ಳಿ. ಎಣ್ಣೆ ಕಾಣದೆ ಎರಡು ಬೇಸಿಗೆ ಗೂಟಕ್ಕೆ ತೂಗಿಬಿಟ್ಟರೆ ಮಿಣಿ ಒಣಗಿ ಸೆಟೆದುಕೊಳ್ಳುತ್ತಿತ್ತು. ಹರಳೆಣ್ಣೆ ಸವರಿದರೆ ಮತ್ತೆ ಮೆತ್ತಗಾಗುತ್ತಿತ್ತು. ಆದರೆ ಹರಿದ ಮಿಣಿಯನ್ನು ಯಾವ ಎಣ್ಣೆಯೂ ಕೂಡಿಸುತ್ತಿರಲಿಲ್ಲ.

ಬಾಟಲಿಯ ಔಷಧದ ಶಕ್ತಿಯೂ ಮಿತಿಯೂ ಇಷ್ಟೇ.

ಬಾಟಲಿಯಲ್ಲಿ ಏನಿರುತ್ತದೆ?

ಸೋರಿಕೆ ನಿಲ್ಲಿಸುವವು ಎಂದು ಮಾರುವ ದ್ರವಗಳಲ್ಲಿ ಮುಖ್ಯವಾಗಿ ಎರಡು ಬಗೆಯ ವಸ್ತುಗಳಿರುತ್ತವೆ. ಮೊದಲನೆಯದು ಎಸ್ಟರು ಮೊದಲಾದ ದ್ರವ್ಯಗಳು. ಇವು ಗಟ್ಟಿಯಾದ ರಬ್ಬರಿನೊಳಗೆ ಇಳಿದು, ಅದನ್ನು ಮೃದುಗೊಳಿಸಿ ತುಸು ಉಬ್ಬಿಸುತ್ತವೆ. ಗೋವಿನಜೋಳದ ಒಣ ಬೀಜ ಮೊಳೆಯಬೇಕಾದರೆ ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಹೀರಿಕೊಳ್ಳಬೇಕು ಎಂಬುದು ನಿಮಗೆ ಗೊತ್ತು. ಸೀಲಿಗೆ ಅಷ್ಟು ಉಬ್ಬು ಬೇಡ, ಬಂದರೆ ಅಪಾಯ. ಕೆಲವೇ ಶೇಕಡಾ ಉಬ್ಬಿದರೆ ತುಟಿ ಮತ್ತೆ ರಾಡಿಗೆ ಹತ್ತಿಕೊಳ್ಳುತ್ತದೆ.

ಎರಡನೆಯದು ಎಣ್ಣೆಯನ್ನು ಮಂದಗೊಳಿಸುವ ವಸ್ತುಗಳು. ಮಂದವಾದ ಎಣ್ಣೆ ಸಣ್ಣ ಸಂದಿಯಿಂದ ನಿಧಾನವಾಗಿ ಹೊರಬರುತ್ತದೆ, ಅಷ್ಟೇ. ಇದರಿಂದ ಸೀಲಿಗೇನೂ ಆಗುವುದಿಲ್ಲ. ನನಗೆ ಈ ಎರಡನೆಯ ಬಗೆಯ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ. ಮಂದ ಎಣ್ಣೆಯಿಂದ ಚಳಿಗಾಲದ ಬೆಳಿಗ್ಗೆ ಪಂಪು ನರಳುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ.

ಇನ್ನೊಂದು ಮಾತು. ರೇಡಿಯೇಟರಿನ ಸೋರಿಕೆಗೆಂದು ಮಾರುವ ಪುಡಿಗಳು ಬೇರೆ. ಅವುಗಳಲ್ಲಿರುವ ಸಣ್ಣ ಕಣಗಳು ತೂತಿನಲ್ಲಿ ಕುಳಿತು ಅದನ್ನು ಮುಚ್ಚುತ್ತವೆ. ಅಂಥದನ್ನು ಸ್ಟಿಯರಿಂಗ್ ಎಣ್ಣೆಗೆ ಹಾಕಿದರೆ ಪಂಪು ಮತ್ತು ವಾಲ್ವುಗಳ ಕಿರಿದಾದ ದಾರಿಗಳು ಕಟ್ಟಿಕೊಳ್ಳುತ್ತವೆ. ಹೆಸರು ಒಂದೇ ರೀತಿ ಕಂಡರೂ ಲೇಬಲ್ ಓದದೆ ಹಾಕಕೂಡದು.

ಮೊದಲು ಸೋರಿಕೆಯ ಜಾಗ ಗುರುತಿಸಿರಿ

ಸೈನಿಕ ಹುಳು 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಹೊಸದರಲ್ಲಿ ಎಷ್ಟೋ ರೈತರು ಅದನ್ನು ಕಾಂಡಕೊರೆಯುವ ಹುಳುವೆಂದು ತಿಳಿದು ಸಿಂಪರಣೆ ಮಾಡಿದರು. ಹುಳು ಯಾವುದೆಂದು ತಿಳಿಯದೆ ಹೊಡೆದ ಔಷಧ ವ್ಯರ್ಥ. ಎಣ್ಣೆ ಸೋರಿಕೆಯಲ್ಲಿಯೂ ಹಾಗೆಯೇ. ಎಲ್ಲಿಂದ ಸೋರುತ್ತಿದೆ, ದಿನಕ್ಕೆ ಎಷ್ಟು ಸೋರುತ್ತಿದೆ ಎಂಬ ಎರಡು ಸಂಗತಿ ತಿಳಿಯದೆ ಬಾಟಲಿಯ ಮುಚ್ಚಳ ತೆರೆಯಬೇಡಿ.

ಇದಕ್ಕೆ ಗ್ಯಾರೇಜಿಗೆ ಹೋಗಬೇಕೆಂದಿಲ್ಲ. ಇಂಜಿನ್ನು ತಣ್ಣಗಿರುವಾಗ ಪಂಪು, ಪೈಪುಗಳ ಜೋಡಣೆ, ಸ್ಟಿಯರಿಂಗ್ ಪೆಟ್ಟಿಗೆ ಇವುಗಳ ಮೇಲಿನ ಧೂಳು ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಆ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿರಿ. ಗಾಡಿಯ ಕೆಳಗೆ ರಟ್ಟು ಅಥವಾ ಹಳೆಯ ಪತ್ರಿಕೆ ಹಾಸಿರಿ. ಗಾಡಿ ಚಾಲೂ ಮಾಡಿ, ಸ್ಟಿಯರಿಂಗನ್ನು ಈ ಕಡೆಯಿಂದ ಆ ಕಡೆಗೆ ನಾಲ್ಕಾರು ಸಲ ತಿರುಗಿಸಿ, ಬಂದ್ ಮಾಡಿ ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಪೌಡರು ಎಲ್ಲಿ ತೊಯ್ದಿದೆಯೋ ಅದರ ಅತ್ಯಂತ ಮೇಲಿನ ಜಾಗವೇ ಸೋರಿಕೆಯ ಮೂಲ. ಎಣ್ಣೆ ಕೆಳಗೆ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ ತೊಟ್ಟಿಕ್ಕುವ ಜಾಗವನ್ನು ನಂಬಿ ಮೋಸಹೋಗುವವರೇ ಹೆಚ್ಚು.

ಪತ್ರಿಕೆಯ ಮೇಲಿನ ಕಲೆಯ ಬಣ್ಣವೂ ಸಹಾಯಕ್ಕೆ ಬರುತ್ತದೆ. ಸ್ಟಿಯರಿಂಗ್ ಎಣ್ಣೆ ಹೊಸದಿದ್ದಾಗ ಕೆಂಪು ಅಥವಾ ತಿಳಿ ಹಳದಿ, ಹಳೆಯದಾದರೆ ಕಂದು. ಇಂಜಿನ್ ಆಯಿಲು ಕಪ್ಪು. ರೇಡಿಯೇಟರಿನ ನೀರು ಹಸಿರು ಅಥವಾ ಗುಲಾಬಿ, ಅದಕ್ಕೆ ಜಿಡ್ಡಿರುವುದಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಇಂಜಿನ್ನು ಓಡುತ್ತಿರುವಾಗ ಪೈಪಿನ ಮೇಲೆ ಕೈಯಾಡಿಸಿ ಸೋರಿಕೆಯನ್ನು ಹುಡುಕಕೂಡದು. ಸೂಜಿಮೊನೆಯಷ್ಟು ತೂತಿನಿಂದ ಇಂಥ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ಹಾಗೇನಾದರೂ ಆದರೆ ಅರಿಸಿನ ಹಚ್ಚಿ ಮನೆಯಲ್ಲಿ ಕೂರದೆ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಒತ್ತಡದ ಎಣ್ಣೆ ಚುಚ್ಚಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಹುಡುಕಲು ಕೈ ಬೇಡ, ಒಂದು ರಟ್ಟಿನ ತುಂಡನ್ನು ಹಿಡಿದರೆ ಸಾಕು.

ಎಷ್ಟು ಸೋರುತ್ತಿದೆ ಎಂದು ಅಳೆಯುವುದು ಇನ್ನೂ ಸುಲಭ. ಡಬ್ಬಿಯ ಮೇಲೆ ಎಣ್ಣೆಯ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರದ ನಂತರ, ಇಂಜಿನ್ನು ಅಷ್ಟೇ ತಣ್ಣಗಿರುವಾಗ, ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ಅದೇ ಗೆರೆಯವರೆಗೆ ಎಣ್ಣೆ ತುಂಬಿರಿ. ಎಷ್ಟು ಮಿ.ಲೀ. ಹಿಡಿಯಿತೋ ಅದೇ ವಾರದ ಸೋರಿಕೆ. ಗಂಟೆಗೆ ಹತ್ತು ಹನಿ ಎಂದರೆ ಏನೂ ಅಲ್ಲವೆನಿಸುತ್ತದೆ. ಒಂದು ಮಿ.ಲೀ.ಗೆ 25 ಹನಿಯಂತೆ ಹಿಡಿದರೂ ದಿನಕ್ಕೆ ಸುಮಾರು 10 ಮಿ.ಲೀ., ತಿಂಗಳಿಗೆ 300 ಮಿ.ಲೀ. ಆಯಿತು. ಕಾರಿನ ಒಟ್ಟು ಎಣ್ಣೆಯೇ ಒಂದು ಲೀಟರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಯಾವ ಸೋರಿಕೆಗೆ ಹಾಕಬಹುದು, ಯಾವುದಕ್ಕೆ ಬೇಡ?

ಹಳೆಯ ಗಾಡಿ, ಪಂಪಿನ ಅಚ್ಚಿನ ಬಳಿ ಅಥವಾ ಸ್ಟಿಯರಿಂಗ್ ಪೆಟ್ಟಿಗೆಯ ಸೀಲಿನ ಬಳಿ ಬೆವರಿನಂತೆ ಎಣ್ಣೆ ಜಿನುಗುತ್ತಿದೆ, ತಿಂಗಳಿಗೊಮ್ಮೆ ಸ್ವಲ್ಪ ತುಂಬಿದರೆ ಸಾಕಾಗುತ್ತದೆ. ಇಂಥ ಸ್ಥಿತಿಯಲ್ಲಿ ಸೀಲನ್ನು ಮೃದುಗೊಳಿಸುವ ದ್ರವವನ್ನು ಒಮ್ಮೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಬಾಟಲಿಯ ಬೆಲೆ ನೂರಾರು ರೂಪಾಯಿ. ಸ್ಟಿಯರಿಂಗ್ ಪೆಟ್ಟಿಗೆ ಬಿಚ್ಚಿಸಿ ರಿಪೇರಿ ಮಾಡಿಸಲು ಸಾವಿರಗಟ್ಟಲೆ ಬೇಕು. ಸುಗ್ಗಿ ಮುಗಿದು ಕೈಗೆ ಹಣ ಬರುವವರೆಗೆ ಕೆಲವು ತಿಂಗಳು ದೂಡಬಹುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ವಾರಕ್ಕೊಮ್ಮೆ ತುಂಬಬೇಕಾಗಿದ್ದರೆ ರಿಪೇರಿಯೇ ದಾರಿ. ದಿನಾಲೂ ತುಂಬಬೇಕಾಗಿದ್ದರೆ ಗಾಡಿಯನ್ನು ರಸ್ತೆಗೆ ತರಬೇಡಿ.

ಒಡೆದ ಹೋಸು, ಸಡಿಲಾದ ಕ್ಲಿಪ್ಪು, ಸವೆದ ತಾಮ್ರದ ವಾಷರು, ಬಿರುಕುಬಿಟ್ಟ ಡಬ್ಬಿ, ತುಕ್ಕು ಹಿಡಿದು ತೂತಾದ ಕಬ್ಬಿಣದ ಪೈಪು, ಹರಿದ ಸೀಲು, ಗೀರುಬಿದ್ದ ರಾಡು ಇವುಗಳಲ್ಲಿ ಯಾವುದನ್ನೂ ಬಾಟಲಿಯ ದ್ರವ ಸರಿಮಾಡಲಾರದು. ಇವುಗಳಲ್ಲಿ ಮೊದಲ ಮೂರು ಬಹಳ ಕಡಿಮೆ ಖರ್ಚಿನ ಕೆಲಸಗಳು ಎಂಬುದನ್ನು ಗಮನಿಸಿರಿ. ನನ್ನ ಕಾರಿನಲ್ಲಿ ಆದದ್ದು ಇದೇ. ಅಂಗಡಿಯವನ ಮಾತು ಕೇಳಿ ಬಾಟಲಿ ಹಾಕಿದೆ. ಹದಿನೈದು ದಿನ ಕಾದೆ. ಸೋರಿಕೆ ಹಾಗೆಯೇ ಇತ್ತು. ಇನ್ನೊಂದು ಬಾಟಲಿ ಹಾಕಿದೆ. ಕೊನೆಗೆ ಮಿಸ್ತ್ರಿ ನೋಡಿದಾಗ ಎಣ್ಣೆ ಮರಳುವ ಹೋಸಿನ ಕ್ಲಿಪ್ಪು ಸಡಿಲಾಗಿತ್ತು. ಸ್ಕ್ರೂಡ್ರೈವರಿನ ಎರಡು ತಿರುವಿಗೆ ನಿಂತಿತು. ಹೊಲದಲ್ಲಿ ಪರೀಕ್ಷಿಸದೆ ಔಷಧ ಹೊಡೆಯಬೇಡಿ ಎಂದು ಊರೂರಿಗೆ ಹೇಳುವವನು ನಾನೇ!

ಇಂಜಿನ್ನಿನ ಸೈಲೆನ್ಸರ್ ಪೈಪಿನ ಹತ್ತಿರ ಒತ್ತಡದ ಹೋಸು ಜಿನುಗುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ. ಕಾದ ಕಬ್ಬಿಣದ ಮೇಲೆ ಈ ಎಣ್ಣೆ ಚಿಮ್ಮಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಹೋಸಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿಯುವ ರೂಢಿ ನಮ್ಮಲ್ಲಿದೆ. ಟ್ಯೂಬಿನ ರಬ್ಬರು ಖನಿಜ ತೈಲಕ್ಕೆ ತಾಳುವುದಿಲ್ಲ, ಉಬ್ಬಿ ಅಂಟಂಟಾಗುತ್ತದೆ. ಆ ಒತ್ತಡಕ್ಕೂ ತಡೆಯುವುದಿಲ್ಲ.

ಹಾಕುವ ಕ್ರಮ

ಡಬ್ಬಿ ಈಗಾಗಲೇ ತುಂಬಿದ್ದರೆ ಹಾಕುವಷ್ಟೇ ಹಳೆಯ ಎಣ್ಣೆಯನ್ನು ಸಿರಿಂಜಿನಿಂದ ಹೊರತೆಗೆಯಬೇಕು. ಮಿತಿಮೀರಿ ತುಂಬಿದರೆ ಬಿಸಿಯಾದಾಗ ಮುಚ್ಚಳದಿಂದ ಉಕ್ಕುತ್ತದೆ, ಅದನ್ನೇ ಹೊಸ ಸೋರಿಕೆಯೆಂದು ತಿಳಿಯುವಿರಿ. ಲೇಬಲ್ಲಿನಲ್ಲಿ ಹೇಳಿದ ಪ್ರಮಾಣವನ್ನು ಮೀರಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂಬುದು ಯೂರಿಯಾದಲ್ಲಿಯೂ ಸುಳ್ಳು, ಇಲ್ಲಿಯೂ ಸುಳ್ಳು. ಅತಿಯಾಗಿ ಉಬ್ಬಿ ಮೆತ್ತಗಾದ ಸೀಲು ರಾಡಿಗೆ ಉಜ್ಜಿ ಬೇಗನೆ ಸವೆಯುತ್ತದೆ, ಆ ಮೇಲಿನ ಸೋರಿಕೆ ಮೊದಲಿಗಿಂತ ದೊಡ್ಡದು.

ಹಾಕಿದ ಮೇಲೆ ಇಂಜಿನ್ನು ಚಾಲೂ ಮಾಡಿ ಸ್ಟಿಯರಿಂಗನ್ನು ನಿಧಾನವಾಗಿ ಎರಡೂ ಕೊನೆಯವರೆಗೆ ಹಲವು ಸಲ ತಿರುಗಿಸಿರಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲಬೇಡಿ. ಒತ್ತಡ ಅತ್ಯಂತ ಹೆಚ್ಚಾಗುವುದು ಅಲ್ಲಿಯೇ. ಪರಿಣಾಮ ಅದೇ ದಿನ ಕಾಣುವುದಿಲ್ಲ. ರಬ್ಬರು ದ್ರವವನ್ನು ಹೀರಲು ಕೆಲವು ದಿನಗಳ ಓಡಾಟ ಬೇಕು. ಎರಡು ವಾರ ನಿಮ್ಮ ಮಾರ್ಕರ್ ಗೆರೆಯನ್ನು ನೋಡುತ್ತಿರಿ. ಕಡಿಮೆಯಾದರೆ ಒಳ್ಳೆಯದು. ಆಗದಿದ್ದರೆ ಎರಡನೆಯ ಬಾಟಲಿ ಬೇಡ. ಮುಂದೆ ಎಂದಾದರೂ ಪೂರ್ತಿ ಎಣ್ಣೆ ಬದಲಾಯಿಸಿದಾಗ ಸೀಲು ಮತ್ತೆ ಕುಗ್ಗಿ ಸೋರಿಕೆ ಮರಳುವ ಸಂಭವವಿದೆ ಎಂಬುದು ತಿಳಿದಿರಲಿ.

ಬ್ರೇಕ್ ಆಯಿಲಿನ ಮನೆಮದ್ದು

ಎರಡು ಚಮಚ ಬ್ರೇಕ್ ಆಯಿಲು ಹಾಕಿದರೆ ಸ್ಟಿಯರಿಂಗ್ ಸೀಲು ಉಬ್ಬಿ ಸೋರಿಕೆ ನಿಲ್ಲುತ್ತದೆ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದು ಅಪಾಯಕರ. ಬ್ರೇಕ್ ಆಯಿಲು ಎಂಬ ಹೆಸರಿದ್ದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ನೈಟ್ರೈಲ್ ಸೀಲನ್ನು ಅದು ಉಬ್ಬಿಸುವುದೇನೋ ನಿಜ, ಆದರೆ ಅಲ್ಲಿಗೇ ನಿಲ್ಲದೆ ಮೆತ್ತಗೆ ಮಾಡಿ ಕೆಡಿಸುತ್ತದೆ. ಖನಿಜ ತೈಲದೊಡನೆ ಅದು ಬೆರೆಯುವುದೂ ಇಲ್ಲ.

ಇದರ ಉಲ್ಟಾ ತಪ್ಪು ಇನ್ನೂ ಘೋರ. ಬಾನೆಟ್ಟಿನ ಒಳಗೆ ಎರಡು ಡಬ್ಬಿಗಳೂ ಹತ್ತಿರವಿದ್ದಾಗ, ಕತ್ತಲಲ್ಲಿ ಸ್ಟಿಯರಿಂಗ್ ಎಣ್ಣೆಯನ್ನೋ ಈ ಬಾಟಲಿಯನ್ನೋ ಬ್ರೇಕಿನ ಡಬ್ಬಿಗೆ ಸುರಿದರೆ ಬ್ರೇಕಿನ ರಬ್ಬರುಗಳೆಲ್ಲ ಉಬ್ಬಿ ಬ್ರೇಕು ಕೈಕೊಡುತ್ತದೆ. ಹಾಗೆ ಸುರಿದದ್ದು ಗೊತ್ತಾದರೆ ಗಾಡಿಯನ್ನು ಒಂದು ಮಾರು ದೂರವೂ ಓಡಿಸದೆ ಮಿಸ್ತ್ರಿಯನ್ನು ಅಲ್ಲಿಗೇ ಕರೆಸಬೇಕು.

ಟ್ರ್ಯಾಕ್ಟರಿಗೆ ಹಾಕುವ ಮೊದಲು

ಕಾರಿಗೂ ಟ್ರ್ಯಾಕ್ಟರಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಕಾರು ಜೀಪುಗಳಲ್ಲಿ ಸ್ಟಿಯರಿಂಗಿನಿಂದ ಗಾಲಿಯವರೆಗೆ ಕಬ್ಬಿಣದ ಕೊಂಡಿ ಇದ್ದೇ ಇರುತ್ತದೆ. ಎಣ್ಣೆ ಪೂರ್ತಿ ಹೋದರೂ ತೋಳು ನೋಯುವಷ್ಟು ಬಲ ಹಾಕಿದರೆ ಗಾಡಿ ಹೊರಳುತ್ತದೆ. ಪವರ್ ಸ್ಟಿಯರಿಂಗ್ ಇರುವ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಅಂಥ ಕೊಂಡಿಯೇ ಇಲ್ಲ. ಸ್ಟಿಯರಿಂಗಿನ ಬುಡದಲ್ಲಿ ಒಂದು ಎಣ್ಣೆಯ ಯಂತ್ರ, ಮುಂದಿನ ಅಚ್ಚಿನ ಬಳಿ ಒಂದು ಸಿಲಿಂಡರು, ನಡುವೆ ಹೋಸುಗಳು ಮಾತ್ರ. ಇಂಜಿನ್ನು ನಿಂತುಹೋದರೂ ಹೋಸುಗಳಲ್ಲಿ ಎಣ್ಣೆಯಿದ್ದರೆ ಕೈಬಲದಿಂದ ಹೊರಳಿಸಬಹುದು. ಎಣ್ಣೆಯೇ ಹೋಗಿದ್ದರೆ ಸ್ಟಿಯರಿಂಗ್ ಬೊಗರಿಯಂತೆ ತಿರುಗುತ್ತದೆ, ಗಾಲಿ ಮಾತ್ರ ತಾನು ಹಿಡಿದ ದಾರಿಯಲ್ಲೇ ಹೋಗುತ್ತದೆ. ಟ್ರೇಲರಿನಲ್ಲಿ ಗೋವಿನಜೋಳದ ಚೀಲ, ಅದರ ಮೇಲೆ ಕೂಲಿಯವರು, ಶಿಕಾರಿಪುರದ ಕಡೆಯಿಂದ ಎದುರಿಗೆ ಬರುವ ಬಸ್ಸು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಎಣ್ಣೆಯದು. ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ಟಿಯರಿಂಗಿಗೆ ಪ್ರತ್ಯೇಕ ಡಬ್ಬಿ ಇರುತ್ತದೆ. ಇನ್ನು ಕೆಲವುಗಳಲ್ಲಿ ಗೇರು, ಹೈಡ್ರಾಲಿಕ್ ಲಿಫ್ಟು, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇವೆಲ್ಲಕ್ಕೂ ಹಿಂದಿನ ಪೆಟ್ಟಿಗೆಯ ಒಂದೇ ಎಣ್ಣೆ, ಸ್ಟಿಯರಿಂಗಿಗೂ ಅದೇ. ಆ ಎಣ್ಣೆಯನ್ನು ಬ್ರೇಕಿನ ತಟ್ಟೆಗಳು ಹಿಡಿಯುವಂತೆ ಹದಮಾಡಿರುತ್ತಾರೆ. ಅದಕ್ಕೆ ಸೀಲು ಉಬ್ಬಿಸುವ ದ್ರವ ಬೆರೆಸಿದರೆ ಬ್ರೇಕಿನ ಹಿಡಿತ ಕೆಡಬಹುದು. ಚೆನ್ನಾಗಿದ್ದ ಲಿಫ್ಟಿನ ಸೀಲುಗಳೂ ಉಬ್ಬುತ್ತವೆ. ಆದುದರಿಂದ ಒಂದೇ ಎಣ್ಣೆಯ ಟ್ರ್ಯಾಕ್ಟರಿಗೆ ಈ ಬಾಟಲಿ ಖಂಡಿತ ಬೇಡ. ನಿಮ್ಮದು ಯಾವ ಬಗೆಯದೆಂದು ಕಂಪನಿ ಕೊಟ್ಟ ಪುಸ್ತಕದಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಪುಸ್ತಕ ಸಿಕ್ಕಿರುವುದಿಲ್ಲ. ಮಾಡೆಲ್ ನಂಬರು ಹೇಳಿ ಡೀಲರಿನಲ್ಲಿ ಕೇಳಿರಿ.

ಪ್ರತ್ಯೇಕ ಡಬ್ಬಿ ಇದ್ದರೂ ನಾನು ಹಾಕಿರೆಂದು ಹೇಳಲಾರೆ. ಕಾರಣ, ಟ್ರ್ಯಾಕ್ಟರಿನಲ್ಲಿ ಸೀಲು ಮುಪ್ಪಿನಿಂದ ಸಾಯುವುದು ಕಡಿಮೆ, ಕೆಸರಿನಿಂದ ಸಾಯುವುದು ಹೆಚ್ಚು. ಮದಗದ ಕೆರೆಯ ನೀರುಂಡ ಗದ್ದೆಗಳಲ್ಲಿ ರೊಳ್ಳೆ ಹೊಡೆಯುವಾಗ ಸಿಲಿಂಡರಿನ ರಾಡಿಗೆ ಕೆಸರು ಮೆತ್ತಿಕೊಳ್ಳುತ್ತದೆ. ರಾತ್ರಿ ಒಣಗಿ ಗಟ್ಟಿಯಾದದ್ದು ಬೆಳಿಗ್ಗೆ ರಾಡು ಒಳಹೋಗುವಾಗ ಸೀಲಿನ ತುಟಿಯನ್ನು ಅರದಂತೆ ಉಜ್ಜುತ್ತದೆ. ಗೊಬ್ಬರ ಬಿತ್ತುವ ಕೂರಿಗೆ ಕಟ್ಟಿದಾಗ ಹಾರುವ ಗೊಬ್ಬರದ ಪುಡಿ, ಅದರಲ್ಲೂ ಕ್ಲೋರೈಡ್ ಇರುವ ಪೊಟ್ಯಾಷ್, ರಾಡಿನ ಹೊಳಪಿನ ಲೇಪವನ್ನು ತಿಂದು ಸಣ್ಣ ಸಣ್ಣ ಕುಳಿ ಮಾಡುತ್ತದೆ. ಕುಳಿಬಿದ್ದ ರಾಡಿಗೆ ಹೊಸ ಸೀಲು ಹಾಕಿದರೂ ಬಾಳುವುದಿಲ್ಲ, ಇನ್ನು ಹಳೆಯದನ್ನು ಉಬ್ಬಿಸಿ ಏನು ಫಲ? ಸಂಜೆ ಟ್ರ್ಯಾಕ್ಟರು ನಿಲ್ಲಿಸುವ ಮೊದಲು ರಾಡನ್ನು ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಎಣ್ಣೆಯ ಕೈ ಸವರಿರಿ. ಐದು ನಿಮಿಷದ ಕೆಲಸ.

ಸೋರಿದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಇದು ನನ್ನ ಕಸುಬಿಗೆ ಹತ್ತಿರದ ಮಾತು. ಹಾವೇರಿ ಜಿಲ್ಲೆಯಲ್ಲಿ, ವಿಶೇಷವಾಗಿ ರಾಣೆಬೆನ್ನೂರು, ಹಿರೇಕೆರೂರು ಕಡೆ, ಹತ್ತಿ ಹಾಗೂ ತರಕಾರಿ ಬೀಜೋತ್ಪಾದನೆ ಎಷ್ಟೋ ಮನೆಗಳ ಜೀವನಾಧಾರ. ಬೀಜ ಒಣಗಿಸುವ ಕಣಕ್ಕೇ ಟ್ರ್ಯಾಕ್ಟರನ್ನು ತಂದು ನಿಲ್ಲಿಸುವುದನ್ನು ಕಂಡಿದ್ದೇನೆ. ಬೀಜದ ಮೇಲೆ ಖನಿಜ ತೈಲದ ಪೊರೆ ಕುಳಿತರೆ ಅದು ನೀರು ಹೀರುವುದು ನಿಧಾನವಾಗಿ ಮೊಳಕೆ ಕುಂಠಿತವಾಗುತ್ತದೆ. ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಗೆ ತಗುಲಿದರೆ ತಿನ್ನಲು ಬಾರದು. ಸೋರುವ ಯಂತ್ರವನ್ನು ಕಣದಿಂದ, ಬಾವಿ ಬೋರ್‌ವೆಲ್ಲುಗಳಿಂದ ದೂರ ನಿಲ್ಲಿಸಿ, ಕೆಳಗೆ ಮರಳು ತುಂಬಿದ ತಗಡಿನ ತಟ್ಟೆ ಇಡಿರಿ. ತೆಗೆದ ಹಳೆಯ ಎಣ್ಣೆಯನ್ನು ಬದುವಿನ ಕಳೆಗೆ ಸುರಿಯುವ ಪದ್ಧತಿ ಸರಿಯಲ್ಲ. ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿರಿ.

ಮಾಸೂರಿನ ಆ ಹಿರಿಯರ ಜೀಪಿನ ಕೆಳಗೆ ಅಂದು ಊಟ ಮುಗಿಯುವವರೆಗೆ ಪತ್ರಿಕೆ ಹಾಸಿ ನೋಡಿದೆವು. ಸ್ಟಿಯರಿಂಗ್ ಪೆಟ್ಟಿಗೆಯ ಕೆಳಗಿನ ಸೀಲಿನಿಂದ ಕಂದು ಬಣ್ಣದ ಎರಡು ಹನಿ ಬಿದ್ದಿದ್ದವು. ಹೋಸುಗಳು ಒಣಗಿದ್ದವು. ತಿಂಗಳಿಗೊಮ್ಮೆ ತುಂಬುತ್ತೇನೆಂದರು. ಬಾಟಲಿ ತಕ್ಕ ಜಾಗಕ್ಕೇ ಬಂದಿತ್ತು, ಜೀಪಿಗೆ ಹಾಕಿರೆಂದೆ. ಟ್ರ್ಯಾಕ್ಟರಿನ ಸಿಲಿಂಡರಿನ ರಾಡಿನ ಮೇಲೆ ಉಗುರಾಡಿಸಿದಾಗ ಗೀರು ತಾಗಿತು. ಅದಕ್ಕೆ ರಾಡು ಮತ್ತು ಸೀಲ್ ಕಿಟ್ಟು ಎರಡನ್ನೂ ಒಟ್ಟಿಗೇ ಹಾಕಿಸಬೇಕು. "ಸುಗ್ಗಿ ಆದಮ್ಯಾಲ ಮಾಡಸ್ತೀನ್ರಿ" ಎಂದರು. ಸುಗ್ಗಿಯ ಹೇರು ಹೊರಬೇಕಾದದ್ದೇ ಆ ಟ್ರ್ಯಾಕ್ಟರು, ಆದುದರಿಂದ ಮೊದಲೇ ಮಾಡಿಸಿರೆಂದು ಹೇಳಿ ಬಂದೆ.

ಟ್ರ್ಯಾಕ್ಟರಿನ ನಿರ್ವಹಣೆಯನ್ನು ಕ್ರಮವಾಗಿ ಕಲಿಯಬೇಕೆಂಬ ಆಸಕ್ತಿ ಇರುವ ಯುವಕರಿಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಲ್ಲಿ ತರಬೇತಿಗಳು ನಡೆಯುತ್ತವೆ. ಹತ್ತಿರದ ವಿಚಾರಣೆಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ಟ್ರ್ಯಾಕ್ಟರಿನ ಮಾಡೆಲ್ ನಂಬರನ್ನೂ, ಡಬ್ಬಿಯ ಮೇಲೆ ಎಳೆದ ಗೆರೆಗಳ ತಾರೀಖುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.